ಅರಸಿಯ ಕೆರೆಯೂ ಜಲಜನಕದ ಲೆಕ್ಕವೂ

ಬೇಲೂರಿನಿಂದ ಹಳೇಬೀಡಿನ ಮೂಲಕ ಅರಸೀಕೆರೆಗೆ ಸಾಗುವ ದಾರಿ ಮಲೆನಾಡಿನ ಅಂಚಿನಿಂದ ಬಯಲುಸೀಮೆಗೆ ಹೋಗುವ ದಾರಿ. ಮಳೆ ಕಡಿಮೆಯಾಗುತ್ತಾ ಹೋಗುವ ಈ ಸೀಮೆಯಲ್ಲಿ ಊರಿನ ಹೆಸರುಗಳೇ ನೀರಿನ ಚರಿತ್ರೆ ಹೇಳುತ್ತವೆ. ಹಳೇಬೀಡು ಹೊಯ್ಸಳರ ಕಾಲದ ದೋರಸಮುದ್ರ. ಆ ಸಮುದ್ರವೆಂದರೆ ಒಂದು ಕೆರೆ. ಅರಸೀಕೆರೆ ಎಂದರೆ ಅರಸಿಯ ಕೆರೆ. ಈಗ ನೀರಿನಿಂದಲೇ ಇಂಧನ ತೆಗೆಯುವ ಮಾತು ದೇಶದೆಲ್ಲೆಡೆ ಕೇಳಿಬರುತ್ತಿದೆ. ಈ ಕೆರೆಗಳ ನಾಡಿನಲ್ಲಿ ನಿಂತು ನಾವು ಆ ವಿದ್ಯೆಯ ಚರಿತ್ರೆಯನ್ನು ಒಮ್ಮೆ ನೋಡಬೇಕು.

‘ಹಸಿರು ಜಲಜನಕ’ ಎಂಬ ಹೆಸರು ಹೊಸದು, ವಿದ್ಯೆ ಹಳೆಯದು. 1800ರಲ್ಲಿ ಇಂಗ್ಲೆಂಡಿನ ನಿಕಲ್ಸನ್ ಮತ್ತು ಕಾರ್ಲೈಲ್ ವಿದ್ಯುತ್ ಹರಿಸಿ ನೀರನ್ನು ಜಲಜನಕ, ಆಮ್ಲಜನಕಗಳಾಗಿ ಒಡೆದು ತೋರಿಸಿದರು. ಶುದ್ಧ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದಿಲ್ಲ. ಆದ್ದರಿಂದ ಕಾರ್ಖಾನೆಗಳಲ್ಲಿ ಅದಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರವನ್ನು ಬೆರೆಸುತ್ತಾರೆ. ಕ್ಷಾರ ಖರ್ಚಾಗುವುದಿಲ್ಲ, ಖರ್ಚಾಗುವುದು ನೀರು ಮತ್ತು ವಿದ್ಯುತ್. ಕ್ಷಾರಕ್ಕೆ ಜಗತ್ತು ಬಳಸುವ ‘ಆಲ್ಕಲಿ’ ಎಂಬ ಪದ ಅರಬ್ಬಿಯ ‘ಅಲ್-ಕಲೀ’ಯಿಂದ ಬಂದದ್ದು. ಗಿಡ ಸುಟ್ಟ ಬೂದಿ ಎಂದು ಅದರ ಅರ್ಥ. ನಮ್ಮ ಅಜ್ಜಿಯಂದಿರು ಪಾತ್ರೆ ತಿಕ್ಕುತ್ತಿದ್ದ ಬೂದಿಯ ಗುಣವೂ ಇದೇ.

ದೊಡ್ಡ ಪ್ರಮಾಣದ ಉತ್ಪಾದನೆ ಬೆಳೆದದ್ದು ರಸಗೊಬ್ಬರಕ್ಕಾಗಿ. ಜಲಜನಕವಿಲ್ಲದೆ ಅಮೋನಿಯಾ ಇಲ್ಲ. 1920ರ ದಶಕದ ಕೊನೆಯಲ್ಲಿ ನಾರ್ವೆಯ ರ್ಯೂಕನ್‌ನಲ್ಲಿ ಜಲಪಾತದ ವಿದ್ಯುತ್ತಿನಿಂದ ಇಂಥ ಘಟಕ ನಡೆಯಿತು. ಈಜಿಪ್ಟಿನ ಅಸ್ವಾನ್‌ನಲ್ಲಿ 1960ರಲ್ಲಿ ನೈಲ್ ನದಿಯ ಅಣೆಕಟ್ಟಿನ ವಿದ್ಯುತ್ ಇದೇ ಕೆಲಸ ಮಾಡಿತು. ನಮ್ಮ ದೇಶದಲ್ಲಿ 1961ರಲ್ಲಿ ಆರಂಭವಾದ ಪಂಜಾಬಿನ ನಂಗಲ್ ಗೊಬ್ಬರ ಕಾರ್ಖಾನೆಗೆ ಭಾಕ್ರಾ ಯೋಜನೆಯ ವಿದ್ಯುತ್ ಬಂತು.

ಆದರೆ ಅದೇ ವಿದ್ಯುತ್ತಿಗಾಗಿ ರೈತರ ಪಂಪ್‌ಸೆಟ್‌ಗಳೂ ಊರುಗಳೂ ಕಾದಿದ್ದವು. ಬೇಡಿಕೆ ಹೆಚ್ಚಿದಂತೆ ನಂಗಲ್‌ಗೆ ವಿದ್ಯುತ್ ಸಾಲದಾಯಿತು. 1970ರ ದಶಕದ ಕೊನೆಯಲ್ಲಿ ಅಲ್ಲಿ ತೈಲದಿಂದ ಅಮೋನಿಯಾ ತಯಾರಿಸುವ ಘಟಕ ತಲೆಯೆತ್ತಿತು. ಅಸ್ವಾನ್ ಕೂಡ ಮುಂದೆ ನೈಸರ್ಗಿಕ ಅನಿಲಕ್ಕೆ ತಿರುಗಿತು. ವಿದ್ಯೆ ಸೋಲಲಿಲ್ಲ, ವಿದ್ಯುತ್ ಯಾರಿಗೆ ಎಂಬ ಪ್ರಶ್ನೆ ಗೆದ್ದಿತು. ಈ ಪ್ರಶ್ನೆ ಮೈಸೂರಿಗೂ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ.

ಈಗ ಲೆಕ್ಕಕ್ಕೆ ಬರೋಣ. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಹಸಿರು ಜಲಜನಕ ತಯಾರಿಸಬೇಕೆಂಬುದು 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆಯ ಗುರಿ. ಒಂದು ಕಿಲೋ ಜಲಜನಕಕ್ಕೆ 9 ಲೀಟರ್ ಶುದ್ಧ ನೀರು, ಸುಮಾರು 50 ಯೂನಿಟ್ ವಿದ್ಯುತ್ ಬೇಕು. ಇಡೀ ಗುರಿಗೆ ಬೇಕಾಗುವ ಶುದ್ಧ ನೀರು ಸುಮಾರು 1.6 ಟಿಎಂಸಿ. ಬೇಲೂರಿನ ಯಗಚಿ ಜಲಾಶಯದ ಸಾಮರ್ಥ್ಯ ಸುಮಾರು 3.6 ಟಿಎಂಸಿ. ಶುದ್ಧೀಕರಣಕ್ಕೂ ತಂಪು ಮಾಡುವುದಕ್ಕೂ ಹೋಗುವ ನೀರನ್ನು ಸೇರಿಸಿ ಎರಡು ಮೂರು ಪಟ್ಟು ಎಂದುಕೊಂಡರೂ ಅದು ಹೆಚ್ಚು ಕಡಿಮೆ ಒಂದು ಯಗಚಿ. ದೇಶದ ಪಾಲಿಗೆ ಇದು ಹೊರಲಾರದ ಹೊರೆಯಲ್ಲ.

ತಾಲ್ಲೂಕಿನ ಪಾಲಿಗೆ ಮಾತು ಬೇರೆ. ನೂರು ಮೆಗಾವಾಟ್‌ನ ಒಂದು ಘಟಕ ಹಗಲಿರುಳು ನಡೆದರೆ ದಿನಕ್ಕೆ ಸುಮಾರು 10 ಲಕ್ಷ ಲೀಟರ್ ನೀರು ಬೇಕಾದೀತು. ಜಲಜೀವನ್ ಯೋಜನೆಯ ಪ್ರಕಾರ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್. ಅಂದರೆ ಅದು ಸುಮಾರು 18 ಸಾವಿರ ಜನರ ಪಾಲು. ಬರ ಬಂದಾಗ ತೆಂಗು ಒಣಗುವುದನ್ನು ಕಂಡಿರುವ ಅರಸೀಕೆರೆಯಂಥ ಸೀಮೆಗೆ ಇದು ಸಣ್ಣ ಅಂಕಿಯಲ್ಲ.

ಹಾಗೆಂದು ಹೊಗೆಯಿಲ್ಲದ ಇಂಧನವನ್ನು ನಾವು ಬೇಡವೆನ್ನಬೇಕಿಲ್ಲ. ಕರಾವಳಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡಬಹುದು, ನಗರಗಳ ಕೊಳಚೆ ನೀರನ್ನು ಶುದ್ಧೀಕರಿಸಿ ಬಳಸಬಹುದು. ಆದರೆ ಕಾರ್ಖಾನೆಯ ಅಡಿಗಲ್ಲು ಹಾಕುವ ಮೊದಲು ನೀರು ಯಾವ ಕೆರೆಯದು, ವಿದ್ಯುತ್ ಯಾರ ಪಾಲಿನದು ಎಂಬ ಲೆಕ್ಕ ಊರವರ ಮುಂದೆ ಬರಬೇಕು. ಕಾರ್ಖಾನೆ ಎದ್ದ ಮೇಲೆ ಈ ಲೆಕ್ಕ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ನಂಗಲ್ ನಮ್ಮ ಕಣ್ಣಮುಂದಿದೆ.