ಕಾವೇರಿಯ ಮಹಶೀರ್ ಗಾಳಬೇಟೆ

ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಹಶೀರ್ ಜಾತಿಯ ದೊಡ್ಡ ಮೀನುಗಳನ್ನು ಕೋಲು, ದಾರ, ಗಾಳಗಳಿಂದ ಹಿಡಿಯುವ ಕ್ರೀಡೆ. ಹಳೇ ಮೈಸೂರು ಸೀಮೆಯ ನದಿತೀರದ ಜನರಿಗೆ ಇದು ಬಿಳಿಮೀನು. ಶೃಂಗೇರಿ, ಶಿಶಿಲ, ರಾಮನಾಥಪುರದಂಥ ಕ್ಷೇತ್ರಗಳಲ್ಲಿ ನೀರಿನಲ್ಲಿ ರಕ್ಷಣೆ ಪಡೆದಿರುವ ಮಹಶೀರ್‌ಗಳನ್ನು ದೇವರ ಮೀನು ಎನ್ನುತ್ತಾರೆ. ಕರ್ನಾಟಕದಲ್ಲಿ ಗಾಳದ ಕ್ರೀಡೆಗೆ ಜಗತ್ತಿನ ಗಮನ ಸೆಳೆದ ಮೀನು ಇದೇ.

ಮೀನು, ಕಾಲ, ವಿಧಾನ

ಕಾವೇರಿಯ ಗೂನುಬೆನ್ನಿನ ಮಹಶೀರ್ 50 ಕಿಲೋ ದಾಟಿ ಬೆಳೆದ ದಾಖಲೆಗಳಿವೆ. ಮುಂಗಾರಿನಲ್ಲಿ ನದಿ ಕೆಂಪಾಗಿ ಭೋರ್ಗರೆಯುವಾಗ ಗಾಳಕ್ಕೆ ಕೆಲಸವಿಲ್ಲ. ಸಂಕ್ರಾಂತಿ ಕಳೆದು ನೀರು ಇಳಿದು ತಿಳಿಯಾದ ಮೇಲೆ, ಎಳೆ ಬೇಸಿಗೆಯಲ್ಲಿ, ದೊಡ್ಡ ಮೀನುಗಳು ಬಂಡೆಗಳ ನಡುವಿನ ಆಳವಾದ ಮಡುಗಳಲ್ಲಿ ಸೇರುತ್ತವೆ. ಅದೇ ಬೇಟೆಯ ಕಾಲ.

ಇಲ್ಲಿನ ಹೆಸರುವಾಸಿ ಎರೆ ರಾಗಿ. ಹಿಟ್ಟನ್ನು ಮುದ್ದೆಯಂತೆ ಬೇಯಿಸಿ, ನಾದಿ, ಗಟ್ಟಿ ಉಂಡೆ ಕಟ್ಟಿ ಗಾಳವನ್ನು ಅದರೊಳಗೆ ಹುದುಗಿಸುತ್ತಿದ್ದರು. ಏಡಿ, ಸಣ್ಣ ಮೀನುಗಳೂ ಎರೆಯಾಗುತ್ತಿದ್ದವು. ಮಹಶೀರ್‌ನ ದವಡೆಯಲ್ಲಿ ಹಲ್ಲಿಲ್ಲ; ಹಲ್ಲಿರುವುದು ಗಂಟಲಲ್ಲಿ. ಆದರೂ ಅದರ ಬಾಯಿಯ ಒತ್ತಡಕ್ಕೆ ಸಾಧಾರಣ ಗಾಳ ಚಪ್ಪಟೆಯಾಗುತ್ತದೆ. ಕಚ್ಚಿದ ಕೂಡಲೇ ಅದು ಸೆಳವಿನ ಜೊತೆ ಕೆಳಕ್ಕೆ ಓಡುತ್ತದೆ. ದಾರ ಬಂಡೆಗೆ ಉಜ್ಜಿ ತುಂಡಾಗುವ ಮೊದಲೇ ತೆಪ್ಪ ಹತ್ತಿ ಹಿಂಬಾಲಿಸಬೇಕು. ಹಾಗಾಗಿ ಕೋಲು ಹಿಡಿದವನಷ್ಟೇ ತೆಪ್ಪ ಹಾಕುವವನ ನೈಪುಣ್ಯವೂ ಇದರಲ್ಲಿ ಮುಖ್ಯ.

ಪ್ರಾಚೀನ ಉಲ್ಲೇಖ

ಕನ್ನಡ ನಾಡಿನಲ್ಲಿ ಗಾಳ ವಿನೋದದ ಲಿಖಿತ ಪರಂಪರೆ ಕಲ್ಯಾಣದ ಚಾಲುಕ್ಯರಷ್ಟು ಹಳೆಯದು. ಮೂರನೇ ಸೋಮೇಶ್ವರ (ಆಳ್ವಿಕೆ ಸು. 1126–1138) ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದಕ್ಕೇ ಒಂದು ಭಾಗ ಮೀಸಲಾಗಿದೆ. ಅದು ಕಡಲಿನ ಮತ್ತು ಸಿಹಿನೀರಿನ ಮೀನುಗಳನ್ನು ಬೇರೆ ಬೇರೆಯಾಗಿ ಹೆಸರಿಸಿ, ಅವುಗಳ ಆಹಾರ, ಗಾಳ ಹಾಕುವ ಕ್ರಮ ಎರಡನ್ನೂ ವಿವರಿಸುತ್ತದೆ. ಮೀನುವಿಜ್ಞಾನಿ ಸುಂದರ್‌ಲಾಲ್ ಹೋರಾ 1951ರಲ್ಲಿ ಈ ಭಾಗದ ಅಧ್ಯಯನ ಪ್ರಕಟಿಸಿ ಅದರ ಮಹತ್ವವನ್ನು ಆಧುನಿಕ ಓದುಗರಿಗೆ ತಿಳಿಸಿದರು.

ಬ್ರಿಟಿಷರ ಕಾಲ

ಆಧುನಿಕ ಗಾಳಬೇಟೆಯ ಮೊದಲ ದೊಡ್ಡ ಪುಸ್ತಕ ಹೊರಬಂದದ್ದು ಮಂಗಳೂರಿನಿಂದ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಪ್ರಕಟಿಸಿದ. ಮಹಶೀರ್‌ಗೆ ಅದರಲ್ಲಿ ಅಗ್ರಸ್ಥಾನ. ಅಳಿವೆಯ ಉಪ್ಪುನೀರಿನಲ್ಲಿ ಕುರುಡಿಯಂಥ ದೊಡ್ಡ ಮೀನುಗಳಿಗೆ ಗಾಳ ಹಾಕುವುದನ್ನೂ ಅವನು ವಿವರಿಸಿದ್ದಾನೆ. ನದಿಗೆ ಸ್ಫೋಟಕ ಎಸೆದು, ವಿಷ ಬೆರೆಸಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಅಪರಾಧವೆಂದು ಸಾರಿತು.

ದಾಖಲೆಯ ಮೀನುಗಳು ಮೈಸೂರು ಸೀಮೆಯಲ್ಲೇ ಸಿಕ್ಕವು. 1919ರಲ್ಲಿ ಜೆ. ಎಸ್. ರಿವೆಟ್-ಕಾರ್ನಾಕ್ 119 ಪೌಂಡಿನ ಮಹಶೀರ್ ಹಿಡಿದ. 1946ರ ಮಾರ್ಚ್ 22ರಂದು ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗುವ ಮೀನನ್ನು ದಡಕ್ಕೆಳೆದ. ಪ್ರಾಣಿಗಳ ಚರ್ಮ ತುಂಬಿ ನಿಲ್ಲಿಸುವ ಕಲೆಗೆ ಈ ಮನೆತನ ಜಗತ್ಪ್ರಸಿದ್ಧವಾಗಿತ್ತು.

ಹಿಡಿದು ಬಿಡುವ ಪದ್ಧತಿ

ಸ್ವಾತಂತ್ರ್ಯಾನಂತರ ಈ ಕ್ರೀಡೆ ಮರೆಗೆ ಸರಿಯಿತು. 1977–78ರಲ್ಲಿ ಇಂಗ್ಲೆಂಡಿನ ಯುವಕರ ಟ್ರಾನ್ಸ್‌ವರ್ಲ್ಡ್ ಫಿಶಿಂಗ್ ಎಕ್ಸ್‌ಪೆಡಿಷನ್ ತಂಡ ಕಾವೇರಿಯಲ್ಲಿ ಮತ್ತೆ ದೊಡ್ಡ ಮೀನುಗಳನ್ನು ಹಿಡಿದಾಗ ನದಿಯ ಹೆಸರು ಹೊರದೇಶಗಳಿಗೆ ಹಬ್ಬಿತು. 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಕಾವೇರಿಯ ಒಂದು ಹರವನ್ನು ಕಾವಲಿಟ್ಟು ಕಾಯ್ದಿತು. ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ಬೆಂಗಳೂರಿನಿಂದ ಸುಮಾರು 100 ಕಿ.ಮೀ. ದೂರದ ಭೀಮೇಶ್ವರಿಯಲ್ಲೂ, ಗಾಳಿಬೋರೆ ಮತ್ತು ದೊಡ್ಡಮಾಕಳಿಯಲ್ಲೂ ಶಿಬಿರ ನಡೆಸಿತು. ಹಿಡಿದ ಮೀನನ್ನು ತೂಗಿ ಜೀವಂತ ನದಿಗೆ ಬಿಡುವುದು ಇಲ್ಲಿನ ನಿಯಮವಾಗಿತ್ತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಹಲವರು ಮಾರ್ಗದರ್ಶಕರಾಗಿ, ಕಾವಲುಗಾರರಾಗಿ ಸಂಬಳ ಪಡೆದರು. ಜೀವಂತ ಮೀನಿನಿಂದ ಊರಿಗೆ ಅನ್ನ ಸಿಕ್ಕಿದ್ದು ಈ ವ್ಯವಸ್ಥೆಯ ದೊಡ್ಡ ಸಾಧನೆ.

ನಿಷೇಧ ಮತ್ತು ವಿಜ್ಞಾನ

ಈ ಹರವು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮಕ್ಕೆ ಸೇರಿದ್ದು. ಗಾಳ ಹಾಕುವುದೂ ಬೇಟೆಯೇ ಎಂಬ ವನ್ಯಜೀವಿ ಕಾಯ್ದೆಯ ವ್ಯಾಖ್ಯಾನದಿಂದ 2012ರ ಹೊತ್ತಿಗೆ ಶಿಬಿರಗಳ ಗಾಳಬೇಟೆ ನಿಂತಿತು. ಶಿಬಿರದ ಪುಸ್ತಕಗಳಲ್ಲಿ ಬರೆದಿಟ್ಟ ಲೆಕ್ಕ ಮಾತ್ರ ಉಳಿಯಿತು. 1998ರಿಂದ 2012ರವರೆಗೆ ಗಾಳಿಬೋರೆಯಲ್ಲಿ ಹಿಡಿದು ಬಿಟ್ಟ 6,000ಕ್ಕೂ ಹೆಚ್ಚು ಮಹಶೀರ್‌ಗಳ ಈ ದಾಖಲೆಯಲ್ಲಿ ಅತಿ ದೊಡ್ಡದರ ತೂಕ 46.8 ಕಿಲೋ. ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ 2015ರಲ್ಲಿ ಅದನ್ನು ವಿಶ್ಲೇಷಿಸಿದಾಗ ಕಳವಳದ ಸಂಗತಿ ಹೊರಬಿತ್ತು: ಒಟ್ಟು ಮೀನಿನ ಸಂಖ್ಯೆ ಏರಿದರೂ ಗೂನುಬೆನ್ನಿನ ಮಹಶೀರ್ ಕುಸಿಯುತ್ತಿತ್ತು. ಹೆಚ್ಚಿದ್ದು ಲೋಣಾವಳದ ಮರಿ ಉತ್ಪಾದನಾ ಕೇಂದ್ರದಿಂದ ತಂದು ಬಿಟ್ಟಿದ್ದ ನೀಲಿ ರೆಕ್ಕೆಯ ಮಹಶೀರ್. ರಕ್ಷಣೆಯ ಹೆಸರಿನಲ್ಲಿ ಹೊರಗಿನ ಮೀನನ್ನು ಬಿಟ್ಟದ್ದೇ ಮೂಲ ಮೀನಿಗೆ ಕುತ್ತಾಗಿತ್ತು.

ಬೇಟೆಗಾರರು ಒಂದೂವರೆ ಶತಮಾನ ಬೆನ್ನಟ್ಟಿದ ಈ ಮೀನಿನ ವೈಜ್ಞಾನಿಕ ಗುರುತು ಖಚಿತವಾದದ್ದು 2018ರಲ್ಲಿ. ಕಾವೇರಿಯ ಉಪನದಿ ಪಾಂಬಾರ್‌ನಿಂದ 2007ರಲ್ಲಿ ವರ್ಣಿಸಲಾಗಿದ್ದ ಟಾರ್ ರೆಮದೇವಿಯೇ ಇದು ಎಂದು ಸಾಬೀತಾಯಿತು. ಅದೇ ವರ್ಷ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್ ಇದನ್ನು ಅಳಿವಿನಂಚಿನ ಅತಿ ಗಂಭೀರ ವರ್ಗಕ್ಕೆ ಸೇರಿಸಿತು. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದಿನ ಮೀನುಗಾರಿಕೆ ಇದರ ಇತರ ಶತ್ರುಗಳು. ಕಾವೇರಿ ಕಣಿವೆಯ ಹೊರಗೆ ಇದಕ್ಕೆ ಬೇರೆ ಮನೆಯಿಲ್ಲ. ನದಿಯಲ್ಲಿ ಬೇಸಿಗೆಗೂ ಹರಿಯುವ ನೀರು, ಮಡುಗಳಿಗೆ ಕಾವಲು, ಹೊರಗಿನ ಮರಿಗಳನ್ನು ಬಿಡದಿರುವ ಎಚ್ಚರ, ಈ ಮೂರೂ ಇಂದೇ ಆಗಬೇಕಾದ ಕೆಲಸಗಳು.