ಕುವೈತ್‌ನ ಆಡಳಿತ, ಕಾನೂನು, ಮತದಾನ: ಅನಿವಾಸಿ ಕನ್ನಡಿಗರು ತಿಳಿದಿರಬೇಕಾದ ವಿಷಯಗಳು

"ಹೊಸ ಕಾನೂನು ಬಂತಂತೆ" ಎಂಬ ವಾಟ್ಸಾಪ್ ಮೆಸೇಜ್ ನೋಡಿ ಒಮ್ಮೆಯೂ ಗಾಬರಿಯಾಗದ ಕನ್ನಡಿಗರು ಕುವೈತ್‌ನಲ್ಲಿ ಇರಲಿಕ್ಕಿಲ್ಲ. ಇಲ್ಲಿ ಕಾನೂನು ಮಾಡುವವರು ಯಾರು, ಅದು ಜಾರಿಗೆ ಬರುವುದು ಯಾವಾಗ, ನಮ್ಮ ದೂರು ಕೇಳುವವರು ಯಾರು ಎಂದು ಗೊತ್ತಿದ್ದರೆ ಅರ್ಧ ಗಾಬರಿ ಅಲ್ಲೇ ಕಡಿಮೆಯಾಗುತ್ತದೆ.

ಆಡಳಿತ

ಕುವೈತ್ 1961ರಲ್ಲಿ ಸ್ವತಂತ್ರವಾಯಿತು, 1962ರಲ್ಲಿ ಸಂವಿಧಾನ ಬಂತು. ದೇಶದ ಮುಖ್ಯಸ್ಥರು ಅಮೀರ್. 2023ರ ಡಿಸೆಂಬರ್‌ನಿಂದ ಶೇಖ್ ಮಿಶಾಲ್ ಅಲ್ ಅಹ್ಮದ್ ಅಲ್ ಸಬಾಹ್ ಅಮೀರ್ ಆಗಿದ್ದಾರೆ. ಪ್ರಧಾನಿಯನ್ನು ನೇಮಿಸುವುದು ಅಮೀರರೇ.

ಸಂಸತ್ತಿಗೆ ಐದು ಕ್ಷೇತ್ರಗಳಿಂದ ತಲಾ ಹತ್ತರಂತೆ 50 ಸದಸ್ಯರನ್ನು ಜನ ಆರಿಸುತ್ತಿದ್ದರು. 21 ವರ್ಷ ತುಂಬಿದ ಕುವೈತಿ ಪ್ರಜೆಗಳಿಗೆ ಮಾತ್ರ ಮತ. ಮಹಿಳೆಯರಿಗೆ ಈ ಹಕ್ಕು ಸಿಕ್ಕಿದ್ದು 2005ರಲ್ಲಿ; 2009ರಲ್ಲಿ ಮೊದಲ ಬಾರಿಗೆ ನಾಲ್ವರು ಮಹಿಳೆಯರು ಗೆದ್ದರು.

2024ರ ಏಪ್ರಿಲ್‌ನಲ್ಲಿ ಚುನಾವಣೆ ನಡೆಯಿತು. ಮೇ 10ರಂದು ಅಮೀರರು ಸಂಸತ್ತನ್ನು ವಿಸರ್ಜಿಸಿ, ಸಂವಿಧಾನದ ಕೆಲವು ವಿಧಿಗಳನ್ನು ಗರಿಷ್ಠ ನಾಲ್ಕು ವರ್ಷಕ್ಕೆ ಅಮಾನತಿನಲ್ಲಿಟ್ಟರು. ಅಂದಿನಿಂದ ಕಾನೂನುಗಳು ಅಮೀರರ ಆದೇಶದ ಮೂಲಕವೇ ಬರುತ್ತಿವೆ.

ಸುದ್ದಿ ನಿಜವೋ ಸುಳ್ಳೋ?

ಕಾನೂನು ಸರ್ಕಾರಿ ಗೆಜೆಟ್ 'ಕುವೈತ್ ಅಲ್ ಯೌಮ್'ನಲ್ಲಿ ಪ್ರಕಟವಾಗಬೇಕು. ಸಂವಿಧಾನದ 178ನೇ ವಿಧಿಯ ಪ್ರಕಾರ, ಪ್ರಕಟವಾದ ಒಂದು ತಿಂಗಳ ನಂತರ ಜಾರಿ. ಆ ಕಾನೂನಿನಲ್ಲೇ ಬೇರೆ ದಿನ ಹೇಳಿದ್ದರೆ ಅದೇ ಲೆಕ್ಕ. ಗೆಜೆಟ್‌ನಲ್ಲಿ ಬಂದಿದೆಯೇ ಎಂದು ಕೇಳದೆ ಮೆಸೇಜ್ ಫಾರ್ವರ್ಡ್ ಮಾಡಬೇಡಿ.

ನಮಗೆ ಅನ್ವಯಿಸುವ ಕಾನೂನು

ಖಾಸಗಿ ಕಂಪನಿಯವರಿಗೆ, ಅಂದರೆ 18ನೇ ನಂಬರ್ ಇಕಾಮಾದವರಿಗೆ, 2010ರ 6ನೇ ಕಾರ್ಮಿಕ ಕಾನೂನು. ವಾರಕ್ಕೆ 48 ಗಂಟೆ ಕೆಲಸ, ವರ್ಷಕ್ಕೆ 30 ದಿನ ಸಂಬಳ ಸಹಿತ ರಜೆ. ಸಂಬಳ ಅಥವಾ ಸರ್ವಿಸ್ ಹಣ ಬಾಕಿ ಇದ್ದರೆ ಮೊದಲು ಮಾನವಶಕ್ತಿ ಪ್ರಾಧಿಕಾರಕ್ಕೆ (ನಮ್ಮವರ ಬಾಯಲ್ಲಿ 'ಶೂನ್') ದೂರು ಕೊಡಬೇಕು. ಅಲ್ಲಿ ರಾಜಿಯಾಗದಿದ್ದರೆ ಕೇಸು ಕೋರ್ಟಿಗೆ ಹೋಗುತ್ತದೆ. ಕಾರ್ಮಿಕರಿಗೆ ಕೋರ್ಟ್ ಶುಲ್ಕ ಇಲ್ಲ. ಆದರೆ ಕೆಲಸದ ಕರಾರು ಮುಗಿದು ಒಂದು ವರ್ಷ ದಾಟಿದರೆ ಕೇಸು ನಿಲ್ಲುವುದಿಲ್ಲ. "ನೋಡುವ, ಕೊಡ್ತಾರೆ" ಎಂದು ಕಾಯುತ್ತಾ ಕೂರಬೇಡಿ.

ಮನೆಗೆಲಸದವರು, ಮನೆ ಡ್ರೈವರ್‌ಗಳು, ಅಂದರೆ 20ನೇ ನಂಬರ್‌ನವರಿಗೆ, 2015ರ 68ನೇ ಕಾನೂನು. ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ವಾರಕ್ಕೊಂದು ದಿನ ರಜೆ ಕೊಡಬೇಕು. ಪಾಸ್‌ಪೋರ್ಟ್ ಕಸಿದಿಟ್ಟುಕೊಳ್ಳಲು ಕಫೀಲ್‌ಗೆ ಹಕ್ಕಿಲ್ಲ.

ಒಂದು ಎಚ್ಚರಿಕೆ: ವಿದೇಶಿಯರು ಇಲ್ಲಿ ಪ್ರತಿಭಟನೆ, ಮೆರವಣಿಗೆಗೆ ಇಳಿಯುವಂತಿಲ್ಲ. ಕಾರಣ ಎಷ್ಟೇ ನ್ಯಾಯವಾಗಿರಲಿ, ಗಡೀಪಾರಾಗುವ ಅಪಾಯವಿದೆ.

ಊರಿನ ಮತ

ಇಲ್ಲಿ ನಮಗೆ ಮತವಿಲ್ಲ, ಊರಲ್ಲಿದೆ. ಭಾರತೀಯ ಪ್ರಜೆಯಾಗಿಯೇ ಉಳಿದಿರುವ, 18 ವರ್ಷ ತುಂಬಿದ ಅನಿವಾಸಿಗಳು ಫಾರ್ಮ್ 6ಎ ತುಂಬಿ, ಪಾಸ್‌ಪೋರ್ಟ್‌ನಲ್ಲಿರುವ ಊರಿನ ವಿಳಾಸದ ಕ್ಷೇತ್ರದಲ್ಲಿ ಹೆಸರು ಸೇರಿಸಬಹುದು. ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲೇ ಅರ್ಜಿ ಹಾಕಬಹುದು. ಆದರೆ ಕುವೈತ್‌ನ ರಾಯಭಾರ ಕಚೇರಿಯಲ್ಲಾಗಲಿ, ಆನ್‌ಲೈನ್‌ನಲ್ಲಾಗಲಿ ಮತ ಹಾಕಲು ಆಗದು. ಮತದಾನದ ದಿನ ಊರಿನ ಬೂತಿಗೇ ಹೋಗಿ, ಅಸಲಿ ಪಾಸ್‌ಪೋರ್ಟ್ ತೋರಿಸಬೇಕು.

ಟಿಕೆಟ್ ದುಡ್ಡು, ರಜೆ ಎರಡೂ ಹೊಂದಿ ಬರುವುದು ಅಪರೂಪ, ನಿಜ. ಆದರೂ ಹೆಸರು ಪಟ್ಟಿಯಲ್ಲಿರಲಿ. ರಜೆಯೂ ಚುನಾವಣೆಯೂ ಒಟ್ಟಿಗೆ ಬಂದ ವರ್ಷ ಬೂತಿನಿಂದ ವಾಪಸ್ ಬರುವ ಹಾಗಾಗದಿರಲಿ.