ಎರಡು ಸಮರನೌಕೆಗಳ ಹಿಮಯಾತ್ರೆ

ಹುಬ್ಬಳ್ಳಿಯು ಕಡಲಿನ ಊರಲ್ಲ. ಹಳೇ ಹುಬ್ಬಳ್ಳಿಯ ಮನೆಗಳಲ್ಲಿ ಹತ್ತಿಯ ಮಾತು, ಮಳೆಯ ಮಾತು ಕೇಳಿಬರುವಷ್ಟು ಹಡಗಿನ ಮಾತು ಕೇಳಿಬರುವುದಿಲ್ಲ. ಆದರೂ ಇಲ್ಲಿಂದ ಲೋಂಡಾ, ಕ್ಯಾಸಲ್‌ರಾಕ್‌ಗಳ ಮಾರ್ಗವಾಗಿ ಘಟ್ಟವಿಳಿಯುವ ರೈಲು ಮುಟ್ಟುವ ಗೋವೆಯ ಕರಾವಳಿಯಿಂದಲೇ, 1981ನೆಯ ಇಸವಿಯ ಡಿಸೆಂಬರ 6ರಂದು, ಡಾ. ಎಸ್. ಝಡ್. ಕಾಸಿಮ್ ಅವರ ನೇತೃತ್ವದಲ್ಲಿ ಭಾರತದ ಪ್ರಥಮ ಅಂಟಾರ್ಕ್ಟಿಕ ಯಾತ್ರೆಯು ಹೊರಟಿತು. ಅದಕ್ಕೆ 140 ವರ್ಷ ಮೊದಲು ಆ ಹಿಮಭೂಮಿಯ ದಟ್ಟ ಹಿಮಗಡಲನ್ನು ಭೇದಿಸಿ ಒಳಹೊಕ್ಕವು ಆಂಗ್ಲ ನೌಕಾದಳದ ಎರಡು ಸಮರನೌಕೆಗಳು: ‘ಎರೆಬಸ್’ ಮತ್ತು ‘ಟೆರರ್’. ಕೊಲ್ಲಲೆಂದು ಕಟ್ಟಿದ ಹಡಗುಗಳು ಅರಿವಿನ ಸೇವೆಗೆ ಬಂದ ಬಗೆಯೂ, ಕೊನೆಗೆ ಅವು ಅಳಿದ ಬಗೆಯೂ ವಾಚಕರ ವಿಚಾರಕ್ಕೆ ಯೋಗ್ಯವಾಗಿವೆ.

ಇವೆರಡೂ ‘ಬಾಂಬುನೌಕೆ’ ಎಂಬ ಜಾತಿಯವು. ಸಾಮಾನ್ಯ ಯುದ್ಧನೌಕೆಯ ಫಿರಂಗಿಗಳು ಪಕ್ಕದಿಂದ ಗುಂಡು ಹಾರಿಸಿದರೆ, ಬಾಂಬುನೌಕೆಯ ಭಾರಿ ಮಾರ್ಟರುಗಳು ಸಿಡಿಗುಂಡನ್ನು ಮೇಲಕ್ಕೆಸೆದು ಕೋಟೆಯ ಗೋಡೆಯಾಚೆ ಕೆಡಹುತ್ತಿದ್ದವು. ಹಾರಿಸಿದಾಗಲೆಲ್ಲ ಅದರ ಒದೆತವು ಹಡಗಿನ ಒಡಲಿಗೇ ಬಡಿಯುವುದು. ಆ ಪೆಟ್ಟನ್ನು ತಾಳಲೆಂದು ದಪ್ಪ ತೊಲೆಗಳನ್ನು ಒತ್ತಾಗಿ ಹೊಂದಿಸಿ ಅವನ್ನು ಕಟ್ಟುತ್ತಿದ್ದರು. ಫಿರಂಗಿಯ ಒದೆತವನ್ನು ತಾಳಿದ ಒಡಲು ಹಿಮದ ಒತ್ತನ್ನೂ ತಾಳೀತೆಂಬುದೇ ಇವನ್ನು ಧ್ರುವಯಾತ್ರೆಗೆ ಆರಿಸಿದ ಕಾರಣವು. 1813ರಲ್ಲಿ ನೀರಿಗಿಳಿದ ‘ಟೆರರ್’ ಮರುವರ್ಷವೇ ಅಮೇರಿಕೆಯ ಬಾಲ್ಟಿಮೋರ್ ನಗರದ ಕೋಟೆಯ ಮೇಲೆ ಗುಂಡು ಸುರಿಸಿತ್ತು, ‘ಎರೆಬಸ್’ 1826ರದು.

1839ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಎಂಬ ನಾವಿಕನು ಇವೆರಡನ್ನೂ ದಕ್ಷಿಣಕ್ಕೆ ನಡೆಸಿದನು. ಭೂಮಿಯ ಕಾಂತಶಕ್ತಿಯನ್ನು ಅಳೆಯುವುದೇ ಯಾತ್ರೆಯ ಮುಖ್ಯೋದ್ದೇಶವಾಗಿತ್ತು. ಇದಕ್ಕಾಗಿ ಲೋಕದ ನಾನಾ ಕಡೆಗಳಲ್ಲಿ ವೇಧಶಾಲೆಗಳು ಸಿದ್ಧವಾದವು. ಗೊತ್ತಾದ ದಿನಗಳಲ್ಲಿ ಎಲ್ಲೆಡೆಯೂ ಏಕಕಾಲಕ್ಕೆ ಅಳತೆ ಮಾಡಬೇಕೆಂದು ಏರ್ಪಾಡಾಯಿತು. ಮುಂಬಯಿಯ ಕೊಲಾಬಾದಲ್ಲಿ 1841ರಲ್ಲಿ ಕಾಂತಮಾಪನವು ಆರಂಭವಾದುದು ಈ ಮಹೋದ್ಯಮದ ಕಾಲದಲ್ಲಿಯೇ. ಆ ಕೊಲಾಬಾದ ಪರಂಪರೆಯಿಂದ ಬೆಳೆದ ಭಾರತೀಯ ಭೂಕಾಂತತ್ವ ಸಂಸ್ಥೆಯು ಮುಂದೆ ಅಂಟಾರ್ಕ್ಟಿಕದ ಮೈತ್ರಿ ಕೇಂದ್ರದಲ್ಲಿಯೂ ಅದೇ ಅಳತೆಯನ್ನು ನಡೆಸಿತು.

1841ರ ಜನವರಿಯಲ್ಲಿ ರಾಸನು ಹಿಮವನ್ನು ಸೀಳಿ ಒಳಗಡಲನ್ನು ಸೇರಿ, ಹೊಗೆಯುಗುಳುವ ಜ್ವಾಲಾಮುಖಿಯೊಂದನ್ನು ಕಂಡು, ಅದಕ್ಕೆ ತನ್ನ ಹಡಗಿನ ಹೆಸರನ್ನೇ ಇಟ್ಟನು. ಮರುವರ್ಷ ಬಿರುಗಾಳಿಯ ಇರುಳಿನಲ್ಲಿ ಹಿಮಬೆಟ್ಟಗಳ ನಡುವೆ ಎರಡೂ ಹಡಗುಗಳು ಒಂದಕ್ಕೊಂದು ಬಡಿದು ಸಿಕ್ಕಿಕೊಂಡವು, ಆದರೂ ಮುಳುಗಲಿಲ್ಲ. ‘ಎರೆಬಸ್’ದಲ್ಲಿದ್ದ ತರುಣ ವೈದ್ಯ ಜೋಸೆಫ್ ಹೂಕರನು ತರುವಾಯ ಭಾರತಕ್ಕೆ ಬಂದು ಹಿಮಾಲಯವನ್ನು ಸುತ್ತಿ, ಈ ದೇಶದ ಸಸ್ಯಗಳನ್ನು ಏಳು ಸಂಪುಟಗಳಲ್ಲಿ ವರ್ಣಿಸಿದನು. ನಮ್ಮ ಸಹ್ಯಾದ್ರಿಯ ಗಿಡಮರಗಳೂ ಅದರಲ್ಲಿವೆ.

ಆದರೆ ಗಟ್ಟಿಮುಟ್ಟಾದ ಒಡಲಿನ ಮೇಲಣ ನಂಬಿಕೆಯು ಮಿತಿಮೀರಿತು. 1845ರ ಮೇ ತಿಂಗಳಲ್ಲಿ ಸರ್ ಜಾನ್ ಫ್ರಾಂಕ್ಲಿನ್ನನು ಇದೇ ಹಡಗುಗಳಲ್ಲಿ ಉತ್ತರ ಅಮೇರಿಕೆಯ ಮೇಲಿನ ಜಲಮಾರ್ಗವನ್ನು ಹುಡುಕಲು ಹೊರಟನು. ಮುಂಭಾಗಕ್ಕೆ ಕಬ್ಬಿಣದ ತಗಡು, ಒಳಗೆ ರೈಲಿನ ಉಗಿಯಂತ್ರ, ಮೂರು ವರ್ಷದ ಆಹಾರ, ಯಾವುದಕ್ಕೂ ಕೊರತೆಯಿರಲಿಲ್ಲ. 1846ರ ಸೆಪ್ಟೆಂಬರದಲ್ಲಿ ಕಿಂಗ್ ವಿಲಿಯಮ್ ದ್ವೀಪದ ಬಳಿ ಹಿಮವು ಅವನ್ನು ಹಿಡಿಯಿತು, ಮತ್ತೆ ಬಿಡಲಿಲ್ಲ. 1847ರ ಜೂನದಲ್ಲಿ ಫ್ರಾಂಕ್ಲಿನ್ನನು ಮಡಿದನು. 1848ರ ಏಪ್ರಿಲದಲ್ಲಿ ಉಳಿದ 105 ಜನರು ಹಡಗುಗಳನ್ನು ತೊರೆದು ಕಾಲ್ನಡಿಗೆಯಿಂದ ದಕ್ಷಿಣಕ್ಕೆ ಹೊರಟರು. 129 ಜನರಲ್ಲಿ ಒಬ್ಬನೂ ಊರು ಮುಟ್ಟಲಿಲ್ಲ.

ಅವರು ಹಸಿವಿನಿಂದಲೂ ರೋಗದಿಂದಲೂ ಬಿದ್ದ ನಾಡು ನಿರ್ಜನವಾಗಿರಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಇನುಯಿಟ್ ಜನರು ತಲೆತಲಾಂತರದಿಂದ ಆ ಹಿಮದಲ್ಲಿಯೇ ಬಾಳುತ್ತಿದ್ದರು. 1854ರಲ್ಲಿ ಜಾನ್ ರೇ ಎಂಬವನು ಅವರನ್ನು ವಿಚಾರಿಸಿ, ನಾವಿಕರು ಉಪವಾಸದಿಂದ ಸತ್ತರೆಂದೂ, ಕಡೆಗೆ ಸತ್ತವರ ಮಾಂಸವನ್ನೂ ತಿಂದರೆಂದೂ ವರದಿ ತಂದನು. ಲಂಡನ್ನು ಕೆರಳಿತು. ಚಾರ್ಲ್ಸ್ ಡಿಕನ್ಸನಂಥ ಹೆಸರಾಂತ ಲೇಖಕನೂ ಆ ಜನರ ಮಾತು ನಂಬತಕ್ಕುದಲ್ಲವೆಂದು ವಾದಿಸಿದನು. ಎಲುಬುಗಳ ಮೇಲಣ ಕತ್ತಿಯ ಗುರುತುಗಳು ಬಹುಕಾಲದ ಮೇಲೆ ಆ ಮಾತನ್ನೇ ಸಮರ್ಥಿಸಿದವು. ಒಂದು ಹಡಗು ಮುಳುಗಿದ ಠಾವನ್ನೂ ಇನುಯಿಟ್ ಹಿರಿಯರು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದಿದ್ದರು. ಆ ಸುಳಿವನ್ನು ಅನುಸರಿಸಿಯೇ 2014ರಲ್ಲಿ ‘ಎರೆಬಸ್’ ಸಿಕ್ಕಿತು. 2016ರಲ್ಲಿ ಒಬ್ಬ ಇನುಯಿಟನು ಹೇಳಿದ ಗುರುತಿನಿಂದ ‘ಟೆರರ್’ ಕೂಡ ಕಡಲ ತಳದಲ್ಲಿ ದೊರೆಯಿತು.

ಫಿರಂಗಿಯ ಒದೆತಕ್ಕೂ ಬಿರುಗಾಳಿಯ ಹೊಡೆತಕ್ಕೂ ಜಗ್ಗದ ತೊಲೆಗಳು ಹಡಗನ್ನು ಕಾಯ್ದಾವು. ಒಳಗಿರುವ ಮನುಷ್ಯನನ್ನು ಕಾಯುವುದು ಆ ನೆಲದ ಅರಿವು. ಅಜ್ಜ ಮೊಮ್ಮಗನಿಗೆ ಹೇಳಿದ ಮಾತು ಕಾಗದದ ಮೇಲಿಲ್ಲವೆಂಬ ಕಾರಣದಿಂದ ಸುಳ್ಳಾಗುವುದಿಲ್ಲ. ಲಾವಣಿ, ಐತಿಹ್ಯ, ಹಿರಿಯರ ನೆನಪುಗಳಲ್ಲಿ ತನ್ನ ಇತಿಹಾಸವನ್ನು ಬಹುಮಟ್ಟಿಗೆ ಕಾಪಾಡಿಕೊಂಡು ಬಂದ ನಮ್ಮ ನಾಡಿಗೆ ಈ ಪಾಠವು ಪರಕೀಯವಾದುದಲ್ಲ.